ಸತ್ತ ಮದರ್‌ಬೋರ್ಡ್ ಓವನ್‌ನಲ್ಲಿ ಬೆಂದರೆ ಮತ್ತೆ ಬದುಕುತ್ತದೆಯೇ?

“ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಬಿಸಾಡಬೇಡಿ. ಮದರ್‌ಬೋರ್ಡ್ ಬಿಚ್ಚಿ 385 ಡಿಗ್ರಿಯಲ್ಲಿ 8 ನಿಮಿಷ ಓವನ್‌ನಲ್ಲಿ ಇಡಿ. ಹೊಸದರ ಹಾಗೆ ಓಡುತ್ತೆ. ಅಂಗಡಿಯವರು ಇದನ್ನ ಯಾವತ್ತೂ ಹೇಳಲ್ಲ. ಎಲ್ಲರಿಗೂ ಶೇರ್ ಮಾಡಿ.”

ಇಂಥದ್ದೊಂದು ಸಂದೇಶ, ಜೊತೆಗೊಂದು ಪುಟ್ಟ ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಹಸಿರು ಬೋರ್ಡೊಂದು ಓವನ್ನಿನ ತಟ್ಟೆಯಲ್ಲಿ ಬಿಸ್ಕತ್ತಿನ ಹಾಗೆ ಕುಳಿತಿರುತ್ತದೆ. ಸ್ವಲ್ಪ ಹೊತ್ತಿಗೆ ಅದನ್ನು ಹೊರಗೆ ತೆಗೆದು, ಆರಿಸಿ, ಲ್ಯಾಪ್‌ಟಾಪ್‌ಗೆ ಜೋಡಿಸುತ್ತಾರೆ. ಗುಂಡಿ ಒತ್ತಿದ ಕೂಡಲೇ ಕಪ್ಪಗಿದ್ದ ಪರದೆ ಬೆಳಗುತ್ತದೆ!

ನೋಡಿದವರಲ್ಲಿ ಕೆಲವರು ನಗುತ್ತಾರೆ, ಕೆಲವರು ನಂಬುತ್ತಾರೆ. ಮನೆಯಲ್ಲಿ ಕೆಟ್ಟು ಕೂತ ಲ್ಯಾಪ್‌ಟಾಪ್ ಇದ್ದು, ಅಂಗಡಿಯವರು “ಬೋರ್ಡ್ ಹೋಗಿದೆ, ಹೊಸದು ತಗೊಳ್ಳೋದೇ ಒಳ್ಳೇದು” ಎಂದು ಹೇಳಿ ಕಳಿಸಿದ್ದರೆ ನಂಬುವ ಆಸೆ ಇನ್ನೂ ಹೆಚ್ಚು. ಹೇಗೂ ಸತ್ತಿದೆ, ಒಂದು ಸಲ ನೋಡೋಣ ಅನ್ನಿಸುವುದು ಸಹಜವೇ.

ಈ ಸಂದೇಶಕ್ಕೆ ‘ಸುಳ್ಳು’ ಎಂದು ಮುದ್ರೆ ಒತ್ತಿ ನಾವು ಸುಮ್ಮನಾಗುವಂತಿಲ್ಲ. ಏಕೆಂದರೆ ಇದು ಕೆಲವೊಮ್ಮೆ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಸಂದೇಶದಲ್ಲಿ ಹೇಳುವ ಕಾರಣಕ್ಕಲ್ಲ, ಹೇಳುವಷ್ಟು ಕಾಲವೂ ಅಲ್ಲ. ಅರ್ಧ ಸತ್ಯವೇ ಪೂರ್ತಿ ಸುಳ್ಳಿಗಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುತ್ತದೆ. ಹಾಗಾಗಿ ಒಂದೊಂದೇ ಬಿಡಿಸಿ ನೋಡೋಣ.

ಈ ಉಪಾಯ ಹುಟ್ಟಿದ್ದು ಹೇಗೆ?

ಇದು ನಿನ್ನೆ ಮೊನ್ನೆಯದಲ್ಲ. ಸುಮಾರು 2006ರಿಂದ 2010ರ ನಡುವೆ ಅಮೆರಿಕ, ಯುರೋಪುಗಳಲ್ಲಿ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಮತ್ತು ಗೇಮ್ ಯಂತ್ರಗಳು ದೊಡ್ಡ ಸಂಖ್ಯೆಯಲ್ಲಿ ಕೆಟ್ಟವು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಯಂತ್ರದಲ್ಲಿ ಮೂರು ಕೆಂಪು ದೀಪ ಹೊತ್ತಿಕೊಂಡರೆ ಅದರ ಕಥೆ ಮುಗಿಯಿತು ಎಂದೇ ಅರ್ಥವಾಗಿತ್ತು. 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿ, ಅದಕ್ಕಾಗಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿರಿಸಿತು. ಮರುವರ್ಷ, 2008ರ ಜುಲೈನಲ್ಲಿ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ವಿಪರೀತವಾಗಿ ಕೆಡುತ್ತಿವೆ ಎಂದು ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ಮೀಸಲಿಟ್ಟಿತು.

ಅದೇ ಕಾಲಕ್ಕೆ ಮತ್ತೊಂದು ಬದಲಾವಣೆಯೂ ಆಗಿತ್ತು. ಎಲೆಕ್ಟ್ರಾನಿಕ್ಸ್ ವಸ್ತುಗಳಲ್ಲಿ ಸೀಸದ ಬಳಕೆಯನ್ನು ಬಿಗಿಯಾಗಿ ಮಿತಿಗೊಳಿಸುವ ಯುರೋಪಿನ ನಿಯಮ 2006ರ ಜುಲೈ 1ರಂದು ಜಾರಿಗೆ ಬಂತು. ಬೋರ್ಡುಗಳಲ್ಲಿ ಬಿಡಿಭಾಗಗಳನ್ನು ಅಂಟಿಸುವ ಬೆಸುಗೆ (ನಮ್ಮ ಅಂಗಡಿಗಳಲ್ಲಿ ‘ಸೋಲ್ಡರ್’ ಎನ್ನುತ್ತಾರಲ್ಲ, ಅದು) ಅಲ್ಲಿಯವರೆಗೆ ತವರ ಮತ್ತು ಸೀಸದ ಮಿಶ್ರಣವಾಗಿತ್ತು. ಈಗ ಸೀಸವಿಲ್ಲದ ಬೆಸುಗೆ ಬಂತು. ಬೋರ್ಡುಗಳು ಕೆಟ್ಟಾಗ ಜನ ಎರಡಕ್ಕೆ ಎರಡು ಕೂಡಿಸಿದರು: “ಹೊಸ ಬೆಸುಗೆ ಗಟ್ಟಿಯಿಲ್ಲ, ಬಿರುಕು ಬಿಡುತ್ತಿದೆ. ಕಾಯಿಸಿದರೆ ಕರಗಿ ಮತ್ತೆ ಕೂಡಿಕೊಳ್ಳುತ್ತದೆ.” ಯಾರೋ ಓವನ್‌ನಲ್ಲಿಟ್ಟರು, ಕೆಲವರದು ಬದುಕಿತು, ಸುದ್ದಿ ಹರಡಿತು.

ಕೇಳಲು ಸರಿಯಾಗೇ ಇದೆ. ಆದರೆ ಲೆಕ್ಕ ತಾಳೆಯಾಗುವುದಿಲ್ಲ.

ಬೆಸುಗೆ ಕರಗುತ್ತದೆಯೇ?

ಮೊದಲು ಆ 385 ಡಿಗ್ರಿಯನ್ನೇ ನೋಡಿ. ಅದು ಫ್ಯಾರನ್‌ಹೀಟ್. ಅಮೆರಿಕದ ಓವನ್‌ಗಳು ಆ ಲೆಕ್ಕದಲ್ಲಿ ನಡೆಯುತ್ತವೆ. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು 196 ಡಿಗ್ರಿ. ಕೈಯಿಂದ ಕೈಗೆ ದಾಟುವಾಗ ‘ಫ್ಯಾರನ್‌ಹೀಟ್’ ಎಂಬ ಪದ ಉದುರಿಹೋಗಿ ಬರೀ ಅಂಕಿ ಉಳಿದಿದೆ. ನಮ್ಮ ಮನೆಗಳ ಓಟಿಜಿ ಗುಂಡಿ ಸಾಮಾನ್ಯವಾಗಿ 250ಕ್ಕೆ ನಿಲ್ಲುತ್ತದೆ. ಅಂಕಿಯನ್ನು ಹಾಗೇ ನಂಬಿದವರು ಗುಂಡಿಯನ್ನು ಕೊನೆಯವರೆಗೂ ತಿರುಗಿಸುತ್ತಾರೆ!

ಸರಿ, 196 ಡಿಗ್ರಿ ಎಂದೇ ಇಟ್ಟುಕೊಳ್ಳೋಣ. ಶೇ 63 ತವರ ಮತ್ತು ಶೇ 37 ಸೀಸ ಇರುವ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಆದರೆ ಹೆಚ್ಚು ಬಳಕೆಯಲ್ಲಿರುವ ಸೀಸರಹಿತ ಬೆಸುಗೆಯಲ್ಲಿ ತವರದ ಜೊತೆ ಸ್ವಲ್ಪ ಬೆಳ್ಳಿ, ತುಸು ತಾಮ್ರ ಇರುತ್ತದೆ. ಅದು ಕರಗಲು 217 ಡಿಗ್ರಿಯಾದರೂ ಬೇಕು. ಕಾರ್ಖಾನೆಯಲ್ಲಿ ಬೋರ್ಡನ್ನು ಹಂತಹಂತವಾಗಿ ಕಾಯಿಸಿ, ಸುಮಾರು 240ರಿಂದ 250 ಡಿಗ್ರಿಗೆ ಸ್ವಲ್ಪವೇ ಹೊತ್ತು ಮುಟ್ಟಿಸಿ, ಹದವಾಗಿ ಆರಿಸುತ್ತಾರೆ.

ಅಂದರೆ 196 ಡಿಗ್ರಿಯಲ್ಲಿ ಎಂಟು ನಿಮಿಷ ಇಟ್ಟರೆ ಈ ಬೋರ್ಡುಗಳ ಬೆಸುಗೆ ಕರಗುವುದೇ ಇಲ್ಲ. ಕರಗದಿದ್ದರೂ ಕೆಲವು ಬೋರ್ಡು ಬದುಕಿವೆ. ಹಾಗಾದರೆ ಅಲ್ಲಿ ನಡೆದದ್ದು ಬೇರೇನೋ ಇರಬೇಕು.

ನಿಜವಾದ ಬಿರುಕು ಎಲ್ಲಿದೆ?

ಮದರ್‌ಬೋರ್ಡಿನ ಮೇಲೆ ಕಾಣುವ ಕಪ್ಪು ಅಥವಾ ಹಸಿರು ಚೌಕವನ್ನು ನಾವು ಚಿಪ್ ಎನ್ನುತ್ತೇವೆ. ನಿಜವಾದ ಚಿಪ್ ಅದರೊಳಗಿನ ಪುಟ್ಟ ಸಿಲಿಕಾನ್ ಬಿಲ್ಲೆ. ಆ ಬಿಲ್ಲೆ ತನ್ನ ಕೆಳಗಿನ ಚಿಕ್ಕ ಹಲಗೆಯ ಮೇಲೆ ನೂರಾರು, ಕೆಲವೊಮ್ಮೆ ಸಾವಿರಾರು ಸೂಕ್ಷ್ಮ ಬೆಸುಗೆ ಚುಕ್ಕಿಗಳ ಮೇಲೆ ನಿಂತಿರುತ್ತದೆ. ಆ ಚಿಕ್ಕ ಹಲಗೆ ಮತ್ತೆ ದಪ್ಪ ಬೆಸುಗೆ ಗುಂಡುಗಳ ಮೂಲಕ ಮದರ್‌ಬೋರ್ಡಿಗೆ ಅಂಟಿರುತ್ತದೆ. ಎರಡು ಅಂತಸ್ತಿನ ಮನೆ ಇದ್ದ ಹಾಗೆ.

ಬಿಸಿಯಾದರೆ ಎಲ್ಲವೂ ಹಿಗ್ಗುತ್ತವೆ, ಆದರೆ ಒಂದೇ ಸಮನಾಗಿ ಅಲ್ಲ. ಅಷ್ಟೇ ಬಿಸಿಗೆ ಬೋರ್ಡು ಸಿಲಿಕಾನ್‌ಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ನೀವು ಲ್ಯಾಪ್‌ಟಾಪ್ ಹಚ್ಚಿದಾಗ ಕಾಯುತ್ತದೆ, ಆರಿಸಿದಾಗ ತಣಿಯುತ್ತದೆ. ಪ್ರತಿ ಸಲವೂ ನಡುವಿನ ಚುಕ್ಕಿಗಳು ಆ ಕಡೆ ಈ ಕಡೆ ಎಳೆದಾಡಿಸಿಕೊಳ್ಳುತ್ತವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಒಂದು ದಿನ ತುಂಡಾಗುವಂತೆ, ಸಾವಿರಾರು ಸಲ ಕಾದು ತಣಿದ ಮೇಲೆ ಕೆಲವು ಚುಕ್ಕಿಗಳು ಬಿರುಕು ಬಿಡುತ್ತವೆ.

ಜನ ದೂರಿದ್ದು ಕೆಳಗಿನ ಅಂತಸ್ತಿನ ದಪ್ಪ ಗುಂಡುಗಳನ್ನು. ಆದರೆ ಎಕ್ಸ್‌ಬಾಕ್ಸ್ ವಿಷಯದಲ್ಲಿ ಮೈಕ್ರೋಸಾಫ್ಟ್ 2021ರಲ್ಲಿ ತಾನೇ ಹೊರತಂದ ಸಾಕ್ಷ್ಯಚಿತ್ರದಲ್ಲಿ, ಮುರಿದದ್ದು ಬೋರ್ಡಿನ ಬೆಸುಗೆಯಲ್ಲ, ಬಿಡಿಭಾಗದ ಒಳಗಿನ ಸಂಪರ್ಕಗಳು ಎಂದು ಹೇಳಿತು. ಕಾರಣ ಇದೇ, ಮತ್ತೆ ಮತ್ತೆ ಕಾದು ತಣಿಯುವುದು. ಎನ್‌ವಿಡಿಯಾ ಕೂಡ 2008ರಲ್ಲಿ ದೂರಿದ್ದು ಚಿಪ್ ಮತ್ತು ಅದರ ಪ್ಯಾಕೇಜಿನ ಸಾಮಗ್ರಿಯನ್ನೇ. ಆ ಕಾಲದ ಹಲವು ಚಿಪ್‌ಗಳ ಒಳಚುಕ್ಕಿಗಳಲ್ಲಿ ಸೀಸದ ಪಾಲು ತುಂಬಾ ಹೆಚ್ಚು. ಅವು ಕರಗಲು 300 ಡಿಗ್ರಿ ದಾಟಬೇಕು. ಮನೆಯ ಓವನ್ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಹಾಗಾದರೆ ಬೋರ್ಡು ಬದುಕಿದ್ದು ಹೇಗೆ?

ಬಿಸಿಗೆ ಸಾಮಗ್ರಿಗಳು ಹಿಗ್ಗಿ, ಸ್ವಲ್ಪ ಬಾಗಿ, ಚುಕ್ಕಿಗಳ ಸುತ್ತ ತುಂಬಿದ ಅಂಟು ಮೆತ್ತಗಾಗಿ, ಬಿರುಕಿನ ಎರಡು ಬದಿಗಳು ಮತ್ತೆ ಒಂದಕ್ಕೊಂದು ತಾಗಬಹುದು. ತಾಗಿದರೆ ವಿದ್ಯುತ್ ಹರಿಯುತ್ತದೆ, ಪರದೆ ಬೆಳಗುತ್ತದೆ. ಆದರೆ ತಾಗಿದ್ದು ಬೇರೆ, ಬೆಸೆದದ್ದು ಬೇರೆ.

ಈ ವ್ಯತ್ಯಾಸ ತಿಳಿಯಲು ನಮ್ಮ ಹಳೆಯ ಕಲಾಯಿಯವರನ್ನು ನೆನಪು ಮಾಡಿಕೊಳ್ಳಿ. ತಾಮ್ರದ ಹಂಡೆಗೆ ಕಲಾಯಿ ಹಾಕುವಾಗ ಅವರು ಬರೀ ಕಾಯಿಸಿ ತವರ ಸವರುತ್ತಿರಲಿಲ್ಲ. ಮೊದಲು ಉಜ್ಜಿ ತೊಳೆದು, ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕುತ್ತಿದ್ದರು. ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಲೋಹದ ಮೇಲಿನ ಕಿಲುಬು ಹೋಗದೆ ತವರ ಹಿಡಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬೋರ್ಡಿನ ಬೆಸುಗೆಗೂ ಇದೇ ನಿಯಮ. ಬಿರುಕಿನ ಒಳಮೈಗೆ ಗಾಳಿ ತಾಗಿ ಕಿಲುಬಿನ ಪೊರೆ ಬಂದಿರುತ್ತದೆ. ರಿಪೇರಿಯವರು ಅದಕ್ಕಾಗಿಯೇ ‘ಫ್ಲಕ್ಸ್’ ಎಂಬ ಅಂಟು ಪದಾರ್ಥ ಹಚ್ಚುತ್ತಾರೆ. ಓವನ್‌ನಲ್ಲಿ ಇಟ್ಟವರು ಅದನ್ನು ಹಚ್ಚಿರುವುದಿಲ್ಲ. ಹಚ್ಚಿದರೂ ಚಿಪ್ಪಿನ ಒಳಗಿನ ಬಿರುಕಿಗೆ ಅದು ಮುಟ್ಟುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಗಮನಿಸುವುದಿಲ್ಲ. ಬೋರ್ಡನ್ನು ಓವನ್‌ನಲ್ಲಿ ಇಡಬೇಕಾದರೆ ಲ್ಯಾಪ್‌ಟಾಪನ್ನು ಪೂರ್ತಿ ಬಿಚ್ಚಬೇಕು. ಬ್ಯಾಟರಿ ತೆಗೆಯಬೇಕು, ರ್‍ಯಾಮ್ ಕೀಳಬೇಕು, ಧೂಳು ಕೊಡವಬೇಕು, ಮತ್ತೆ ಎಲ್ಲ ಸರಿಯಾಗಿ ಕೂರಿಸಬೇಕು. ಸಡಿಲವಾದ ರ್‍ಯಾಮ್ ಅಥವಾ ಒಳಗೆ ಉಳಿದುಕೊಂಡ ವಿದ್ಯುತ್ ಶೇಷದಿಂದಲೇ ಆನ್ ಆಗದ ಲ್ಯಾಪ್‌ಟಾಪ್‌ಗಳು ಬಹಳ. ಅಂಥವು ಬಿಚ್ಚಿ ಜೋಡಿಸಿದ್ದಕ್ಕೇ ಸರಿಹೋಗುತ್ತವೆ, ಹೆಸರು ಮಾತ್ರ ಓವನ್‌ಗೆ ಬರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದ ಹಾಗೆ.

ವಿಡಿಯೋ ಮುಗಿದ ಮೇಲೆ ಏನಾಗುತ್ತದೆ?

ಬಿಸಿಯಿಂದ ತಾಗಿಕೊಂಡ ಬಿರುಕು ಮತ್ತೆ ಅದೇ ಕಾಯುವ, ತಣಿಯುವ ಎಳೆದಾಟಕ್ಕೆ ಸಿಗುತ್ತದೆ. ಕೆಲವು ದಿನ, ಕೆಲವು ವಾರ, ಅದೃಷ್ಟವಿದ್ದರೆ ಕೆಲವು ತಿಂಗಳು. ಆಮೇಲೆ ಮತ್ತೆ ಕಪ್ಪು ಪರದೆ. ಒಂದೇ ಬೋರ್ಡನ್ನು ಎರಡು, ಮೂರು ಸಲ ಬೇಯಿಸಿದವರೂ ಇದ್ದಾರೆ. ಪ್ರತಿ ಸಲವೂ ಉಳಿದ ಭಾಗಗಳ ಆಯುಷ್ಯ ಕಡಿಮೆಯಾಗುತ್ತದೆ. ಆರುವ ಮುನ್ನ ದೀಪ ಒಮ್ಮೆ ಜೋರಾಗಿ ಉರಿಯುವುದನ್ನು ನೋಡಿ ಎಣ್ಣೆ ಬಂತು ಅಂದುಕೊಂಡ ಹಾಗೆ.

ವಿಡಿಯೋ ಮಾಡಿದವರು ಸುಳ್ಳು ಹೇಳಿರಬೇಕೆಂದೇನೂ ಇಲ್ಲ. ಪರದೆ ಬೆಳಗಿದ ದಿನ ಸಂತೋಷದಿಂದ ವಿಡಿಯೋ ಹಾಕುತ್ತಾರೆ. ಮೂರು ವಾರದ ನಂತರ ಕೆಟ್ಟಾಗ ಎರಡನೇ ವಿಡಿಯೋ ಹಾಕುವುದಿಲ್ಲ. ಬೇಯಿಸಿಯೂ ಬದುಕದವರಂತೂ ಮೊದಲನೆಯದನ್ನೂ ಹಾಕುವುದಿಲ್ಲ. ನಮ್ಮ ಫೋನಿಗೆ ಬಂದು ತಲುಪುವುದು ಗೆದ್ದವರ ಕಥೆ ಮಾತ್ರ.

‘ಓವನ್’ ಅಂದರೆ ನಿಮ್ಮ ಮನೆಯಲ್ಲಿ ಯಾವುದು?

ಇದು ನಗುವ ಪ್ರಶ್ನೆಯಲ್ಲ. ವಿದೇಶಿ ವಿಡಿಯೋಗಳಲ್ಲಿ ಇರುವುದು ಕಾಯಿಲ್‌ನಿಂದ ಗಾಳಿ ಕಾಯಿಸುವ ಓವನ್. ನಮ್ಮಲ್ಲಿ ಬಹಳ ಮನೆಗಳಲ್ಲಿ ‘ಓವನ್’ ಅಂದರೆ ಮೈಕ್ರೋವೇವ್. ಮದರ್‌ಬೋರ್ಡಿನ ತುಂಬ ತಾಮ್ರದ ಗೆರೆಗಳು, ಲೋಹದ ಮೊನೆಗಳು. ಮೈಕ್ರೋವೇವ್ ಹಚ್ಚಿದ ಕೆಲವೇ ಕ್ಷಣಗಳಲ್ಲಿ ಅವುಗಳಿಂದ ಕಿಡಿ ಹಾರುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಬೋರ್ಡೂ ಹೋಯಿತು, ಮೈಕ್ರೋವೇವೂ ಹೋಯಿತು. ಮಕ್ಕಳು ಇದನ್ನು ನೋಡಿ ತಾವೇ ಪ್ರಯತ್ನಿಸದಂತೆ ಹೇಳಿಡಿ.

ಓಟಿಜಿ ಇದ್ದರೆ ಸುರಕ್ಷಿತವೇ? ಅಲ್ಲೂ ಬೇರೆ ಅಪಾಯಗಳಿವೆ.

* ಮದರ್‌ಬೋರ್ಡಿನಲ್ಲಿ ಸಮಯ ನೆನಪಿಡಲು ನಾಣ್ಯದ ಆಕಾರದ ಲಿಥಿಯಂ ಬ್ಯಾಟರಿ ಇರುತ್ತದೆ. ಲಿಥಿಯಂ ಸುಮಾರು 180 ಡಿಗ್ರಿಗೇ ಕರಗುತ್ತದೆ. ಮರೆತು ಒಳಗೆ ಬಿಟ್ಟರೆ ಆ ಬ್ಯಾಟರಿ ಸಿಡಿಯಬಹುದು.
* ಡಬ್ಬಿಯಂತೆ ನಿಂತಿರುವ ಕೆಪ್ಯಾಸಿಟರ್‌ಗಳ ಮೇಲೆ ‘105 ಡಿಗ್ರಿ’ ಎಂದು ಬರೆದಿರುವುದನ್ನು ನೋಡಿರಬಹುದು. ಅದು ಅವು ಕೆಲಸ ಮಾಡುವಾಗಿನ ಮಿತಿ. ಅತಿಯಾಗಿ ಕಾದರೆ ಉಬ್ಬಿ, ಒಳಗಿನ ದ್ರವ ಹೊರಬರುತ್ತದೆ.
* ವರ್ಷಗಟ್ಟಲೆ ತೇವ ಹೀರಿಕೊಂಡ ಚಿಪ್‌ಗಳು ಏಕಾಏಕಿ ಕಾದಾಗ ಒಳಗಿನ ನೀರು ಆವಿಯಾಗಿ ಪದರ ಸೀಳುತ್ತದೆ. ಜೋಳದ ಅರಳು ಸಿಡಿಯುವಂತೆ ಆಗುವುದರಿಂದ ಉದ್ಯಮದವರು ಇದನ್ನು ‘ಪಾಪ್‌ಕಾರ್ನ್’ ದೋಷ ಎಂದೇ ಕರೆಯುತ್ತಾರೆ.
* ಸೀಸದ ಬೆಸುಗೆ ಇರುವ ಹಳೆಯ ಬೋರ್ಡಿನಲ್ಲಿ ಬೆಸುಗೆ ನಿಜಕ್ಕೂ ಕರಗುತ್ತದೆ. ಆಗ ತಟ್ಟೆ ಅಲುಗಾಡಿದರೆ ಬಿಡಿಭಾಗಗಳು ಜಾರುತ್ತವೆ, ಅಡಿಭಾಗದ ಭಾರದ ಭಾಗಗಳು ಉದುರುತ್ತವೆ.

ಅದೇ ಓವನ್‌ನಲ್ಲಿ ನಾಳೆ ಕೇಕ್ ಮಾಡಬಹುದೇ?

ಬೇಡ ಎನ್ನುವುದು ನಮ್ಮ ಸ್ಪಷ್ಟ ಮಾತು. ಬೋರ್ಡು ಕಾದಾಗ ಬರುವ ಹೊಗೆಯಲ್ಲಿ ಹಳೆಯ ಫ್ಲಕ್ಸ್, ಪ್ಲಾಸ್ಟಿಕ್, ಬೆಂಕಿ ಹತ್ತದಿರಲೆಂದು ಬೆರೆಸುವ ಬ್ರೋಮಿನ್ ಸಂಯುಕ್ತಗಳ ಅಂಶ ಇರಬಹುದು. ಬೆಸುಗೆ ಕೆಲಸದಲ್ಲಿ ರಾಳದ ಫ್ಲಕ್ಸ್ ಹೊಗೆ ಕುಡಿಯುವ ಕಾರ್ಮಿಕರಿಗೆ ಆಸ್ತಮಾ ಬರುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಈ ಹೊಗೆ ಓವನ್ನಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ.

ಸೀಸದ ಬಗ್ಗೆ ಒಂದು ಮಾತು. 200 ಡಿಗ್ರಿಯಲ್ಲಿ ಸೀಸ ಆವಿಯಾಗಿ ಮನೆ ತುಂಬುವುದಿಲ್ಲ, ಆ ಭಯ ಬೇಡ. ಆದರೆ ಹಳೆಯ ಬೋರ್ಡಿನಿಂದ ಬಿದ್ದ ಬೆಸುಗೆಯ ಹನಿ, ಪುಡಿ ತಟ್ಟೆಯಲ್ಲಿ ಉಳಿದು ಕೈಗೆ, ಊಟಕ್ಕೆ ಸೇರಬಹುದು. ಸೀಸ ಇಷ್ಟು ಮಾತ್ರ ಸೇರಿದರೆ ತೊಂದರೆಯಿಲ್ಲ ಎನ್ನುವಂಥ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕ್ಕ ಮಕ್ಕಳ ಮಿದುಳಿಗಂತೂ ಅದು ಹೆಚ್ಚು ಹಾನಿಕರ.

ಬೋರ್ಡಿಗಿಂತ ಮುಖ್ಯವಾದದ್ದು

ಲ್ಯಾಪ್‌ಟಾಪ್ ಕೆಟ್ಟಾಗ ನಮಗೆ ನಿಜವಾಗಿ ಬೇಕಿರುವುದು ಬಹಳ ಸಲ ಅದರೊಳಗಿನ ಫೋಟೋ, ಲೆಕ್ಕಪತ್ರ, ಮಕ್ಕಳ ಓದಿನ ಕಡತಗಳು. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇವು ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ, ಮದರ್‌ಬೋರ್ಡಿನಲ್ಲಲ್ಲ. ಬೋರ್ಡು ಸತ್ತರೂ ಅವು ಸುರಕ್ಷಿತವಾಗಿರುತ್ತವೆ. ಆ ಡಿಸ್ಕನ್ನು ಬಿಚ್ಚಿ, ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಕೇಸ್‌ಗೆ ಹಾಕಿ, ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳನ್ನು ತೆಗೆಯಬಹುದು. ವಿಂಡೋಸ್‌ನ ಬಿಟ್‌ಲಾಕರ್ ಬೀಗ ಕೇಳಿದರೆ ಹೆದರಬೇಡಿ. ಅದರ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ.

ಕೆಲವು ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಸಂಗ್ರಹದ ಚಿಪ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಅಂಥದ್ದನ್ನು ಓವನ್‌ನಲ್ಲಿಟ್ಟರೆ ಬೋರ್ಡಿನ ಜೊತೆ ನಿಮ್ಮ ಫೋಟೋಗಳನ್ನೂ ಬೇಯಿಸಿದ ಹಾಗೆ. ಬಿಸಿ ಹೆಚ್ಚಿದಷ್ಟೂ ಆ ಚಿಪ್‌ನಲ್ಲಿ ಹಿಡಿದಿಟ್ಟ ಮಾಹಿತಿ ಬೇಗ ಸೋರಿಹೋಗುತ್ತದೆ. ನಾಳೆ ಪರಿಣತರೊಬ್ಬರು ತೆಗೆದುಕೊಡಬಹುದಾಗಿದ್ದ ಕಡತಗಳು ಇಂದಿನ ಎಂಟು ನಿಮಿಷದಲ್ಲಿ ಶಾಶ್ವತವಾಗಿ ಹೋಗಬಹುದು. “ಹೇಗೂ ಸತ್ತಿದೆ, ಕಳೆದುಕೊಳ್ಳಲು ಏನಿದೆ” ಎಂಬ ಮಾತು ತಪ್ಪುವುದು ಇಲ್ಲೇ.

ಹಾಗಾದರೆ ಏನು ಮಾಡಬೇಕು?

ಓವನ್ ಮಾಡಿದ ‘ಪವಾಡ’ದಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಭಾಗವನ್ನು ಬಿಸಿ ಇಲ್ಲದೆಯೇ ಮಾಡಬಹುದು.

1. ಚಾರ್ಜರ್ ತೆಗೆಯಿರಿ. ಬ್ಯಾಟರಿ ಸುಲಭವಾಗಿ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಬರೀ ಚಾರ್ಜರ್ ಜೋಡಿಸಿ ನೋಡಿ.
2. ಅದೇ ಮಾದರಿಗೆ ಹೊಂದುವ ಬೇರೆ ಚಾರ್ಜರ್ ಹಾಕಿ ನೋಡಿ. ‘ಸತ್ತ’ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಸತ್ತಿರುವುದೂ ಉಂಟು.
3. ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಗಿದ್ದರೆ ಟಿವಿ ಅಥವಾ ಬೇರೆ ಮಾನಿಟರಿಗೆ ಜೋಡಿಸಿ. ಚಿತ್ರ ಬಂದರೆ ದೋಷ ಪರದೆಯದು.
4. ಬಿಚ್ಚಿ ಅಭ್ಯಾಸವಿದ್ದರೆ ರ್‍ಯಾಮ್ ಕಿತ್ತು ಮತ್ತೆ ಕೂರಿಸಿ, ಧೂಳು ತೆಗೆಯಿರಿ. ಅಭ್ಯಾಸವಿಲ್ಲದಿದ್ದರೆ ಅಂಗಡಿಯಲ್ಲಿ ಮೊದಲು ಇದನ್ನೇ ಮಾಡಿಸಿ.

ಇಷ್ಟಾದರೂ ಏಳದಿದ್ದರೆ ಬೋರ್ಡು ರಿಪೇರಿ ಬಲ್ಲವರಿಗೆ ತೋರಿಸಿ. ಅಲ್ಲಿ ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ: “ಏನು ಮಾಡ್ತೀರಿ? ಬರೀ ಹೀಟ್ ಕೊಡ್ತೀರಾ, ಚಿಪ್ ಬದಲಿಸ್ತೀರಾ?” ಹೀಟ್ ಗನ್‌ನಿಂದ ಚಿಪ್ಪನ್ನು ಕಾಯಿಸಿ ಕೊಡುವುದು ಓವನ್ ಉಪಾಯದ ತಮ್ಮನಷ್ಟೇ. ‘ರೀಬಾಲಿಂಗ್’ ಅಂದರೆ ಚಿಪ್ ಎತ್ತಿ ಕೆಳಗಿನ ಬೆಸುಗೆ ಗುಂಡುಗಳನ್ನು ಹೊಸದಾಗಿ ಹಾಕುವುದು. ದೋಷ ಆ ಗುಂಡುಗಳಲ್ಲಿದ್ದರೆ ಸರಿ, ಚಿಪ್ಪಿನ ಒಳಗಿದ್ದರೆ ಅದೂ ನಿಲ್ಲುವುದಿಲ್ಲ. ಆಗ ಉಳಿದ ದಾರಿ ಹೊಸ ಚಿಪ್ ಅಥವಾ ಬೇರೆ ಬೋರ್ಡು. ಬರೀ ಕಾಯಿಸಿ ಕೊಟ್ಟದ್ದಕ್ಕೆ ಚಿಪ್ ಬದಲಿಸಿದಷ್ಟು ಹಣ ಕೊಡಬೇಡಿ, ರಿಪೇರಿಗೆ ಮೂರು ತಿಂಗಳಾದರೂ ಗ್ಯಾರಂಟಿ ಬರೆಸಿಕೊಳ್ಳಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ, ನಿಮ್ಮೂರಿನಲ್ಲಾಗಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೂ ಇದೇ ಮಾತು. ಕಾಯಿಸಿ ಎಬ್ಬಿಸಿದ ಬೋರ್ಡು ನೀವು ಅಂಗಡಿಯಲ್ಲಿ ನೋಡುವ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. ಬಿಲ್ ಮತ್ತು ಗ್ಯಾರಂಟಿ ಇಲ್ಲದೆ ಹಣ ಕೊಡಬೇಡಿ.

ಬದುಕದ ಬೋರ್ಡನ್ನು ಕಸದ ಬುಟ್ಟಿಗೆ ಹಾಕಬೇಡಿ, ಸುಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇದರ ಮರುಬಳಕೆ ನೋಂದಾಯಿತ ಘಟಕಗಳಲ್ಲೇ ಆಗಬೇಕು, ಅದರ ಹೊಣೆ ತಯಾರಕರ ಮೇಲಿದೆ. ಇ-ತ್ಯಾಜ್ಯ ಸಂಗ್ರಹಿಸುವ ಕೇಂದ್ರಕ್ಕೇ ಕೊಡಿ.

ಶೇರ್ ಮಾಡುವ ಮುನ್ನ

ಆ ವಿಡಿಯೋ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರ ಮೇಲೆ ರೇಗಬೇಡಿ. ಯಾರದೋ ಹಣ ಉಳಿಯಲಿ ಎಂದೇ ಅವರು ಕಳಿಸಿರುತ್ತಾರೆ. ಇಷ್ಟು ಮಾತ್ರ ಬರೆದು ಕಳಿಸಿ: “ಓವನ್ ಬಿಸಿಗೆ ಬೋರ್ಡು ಕೆಲವೊಮ್ಮೆ ಎಚ್ಚರಗೊಳ್ಳುತ್ತದೆ, ವಾಸಿಯಾಗುವುದಿಲ್ಲ. ಮೈಕ್ರೋವೇವ್‌ನಲ್ಲಂತೂ ಇಡಲೇಬೇಡಿ. ಮೊದಲು ಡಿಸ್ಕ್ ತೆಗೆದು ಫೋಟೋಗಳನ್ನು ಉಳಿಸಿಕೊಳ್ಳಿ.”